ಗಜಾಯದ ದೋಣಿ

ಒಂದು ಹನಿ ನೀರಿಲ್ಲದೆ, ಆರು ತಿಂಗಳು, ದಿನ ತಪ್ಪದೆ ದೋಣಿ ನಡೆಸಿದವರು ಮೈಸೂರಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ದೊಡ್ಡಪ್ಪ ಒಬ್ಬರೇ! ಸುಳ್ಳು ಅನ್ನಿಸಿದರೆ ಜಯಲಕ್ಷ್ಮಿಪುರಂನ ನಮ್ಮ ಬೀದಿಯ ಹಳಬರನ್ನು ಕೇಳಿ ನೋಡಿ. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಹೋಗುವರು. ಸೀಬೆ ಮರದ ಕೆಳಗೆ ನಾಲ್ಕು ಕಲ್ಲಿನ ಮೇಲೆ ಕೂರಿಸಿದ್ದ ದೋಣಿಯೊಳಕ್ಕೆ ಪಂಚೆ ಎತ್ತಿಕಟ್ಟಿ ಹತ್ತುವರು. ಹಿಂದಿನ ಮಣೆಯಲ್ಲಿ ಕೂತು, ದೂರಕ್ಕೆ ದೃಷ್ಟಿ ಇಟ್ಟು, ಇಲ್ಲದ ಮೋಟಾರಿನ ಹಿಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವರು. ದೂರ ಅಂದರೆ ಎಷ್ಟು ದೂರ? ನಮ್ಮ ಬಚ್ಚಲುಮನೆಯ ಗೋಡೆಯವರೆಗೆ! ಹತ್ತು ಗಂಟೆಯಾಗುತ್ತಿದ್ದ ಹಾಗೆ ಇಳಿದು, ಕೋಟು ಹಾಕಿಕೊಂಡು, ಸೈಕಲ್ ಹತ್ತಿ ಕಛೇರಿಗೆ ಹೋಗಿ ಹೆಡ್ ಗುಮಾಸ್ತರಾಗುವರು.

"ದೋಣಿ ನಡೆಸೋದು ಕಲೀತಿದ್ದೀನಿ ಕಣಮ್ಮ" ಎಂದರು ಒಂದು ದಿನ ನನ್ನ ಹತ್ತಿರ.

"ನೀರೇ ಇಲ್ಲವಲ್ಲ ದೊಡ್ಡಪ್ಪ?"

"ನೀರಿನ ಮೇಲೆ ಕಲಿಯೋಕೆ ಹೋದ್ರೆ ಮುಳುಗೋಗ್ತೀವಿ. ಅದಕ್ಕೇ ಮೊದ್ಲು ನೆಲದ ಮೇಲೆ."

ಈ ಮಾತಿಗೆ ನೀವಾದರೂ ಏನು ಉತ್ತರ ಕೊಡುತ್ತೀರಿ? ನಾನು ಆಗ ಒಂದು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಾ ಅವರ ಮನೆಯಲ್ಲೇ ಇದ್ದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಎಂಟು ಹತ್ತು ವರ್ಷ ಕಳೆದಿದ್ದ ಕಾಲ. ಮೂರನೇ ತರಗತಿಯ ಮಕ್ಕಳ ಎಂಥೆಂಥ ಪ್ರಶ್ನೆಗಳಿಗೂ ಉತ್ತರ ಕೊಟ್ಟು ಪಳಗಿದ್ದ ನನಗೆ ದೊಡ್ಡಪ್ಪನ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು.

ಈ ದೋಣಿ ಯಾಕೆ ಬಂತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ನಮ್ಮ ಬೀದಿಯವರ ಹಾಗೆ 'ಪಾಪ, ತಲೆ ಕೆಟ್ಟಿದೆ' ಅಂದುಬಿಡುತ್ತೀರಿ.

ನಮ್ಮ ದೊಡ್ಡಮ್ಮನಿಗೆ ಒಬ್ಬರೇ ಅಕ್ಕ. ತಾಯಿ ಇಲ್ಲದ ತಂಗಿಯನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಮದುವೆ ಮಾಡಿ ಕಳಿಸುವವರೆಗೆ ಸಾಕಿದವರು. ದೊಡ್ಡಮ್ಮನಿಗೆ ತವರು ಅಂತ ಉಳಿದಿದ್ದರೆ ಆ ಅಕ್ಕ ಒಬ್ಬರೇ. ಅವರು ಇದ್ದದ್ದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಆಚೆ ದಡದ ಒಂದು ಹಳ್ಳಿಯಲ್ಲಿ. ಈಚೆ ದಡದಲ್ಲಿ ನಿಂತರೆ ಆ ಊರಿನ ಹುಣಸೆಮರ ಕಣ್ಣಿಗೆ ಕಾಣುತ್ತದೆ. ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಅಷ್ಟೂ ನೀರನ್ನು ಸುತ್ತು ಹಾಕಿ, ಮೂರು ಬಸ್ಸು ಬದಲಾಯಿಸಬೇಕು.

ಕಷ್ಟ ಇದ್ದದ್ದೇ ಬಸ್ಸಿನಲ್ಲಿ. ಬಸ್ಸು ಹತ್ತಿದ ಮೇಲೆ ವಾಂತಿ ಮಾಡಿಕೊಳ್ಳುವವರನ್ನು ನೀವು ನೋಡಿರಬಹುದು. ನಮ್ಮ ದೊಡ್ಡಮ್ಮ ಬಸ್ಸು ಕಂಡರೇ ಮಾಡಿಕೊಳ್ಳುವವರು! ನಿಂಬೆಹಣ್ಣು ಮೂಸಿ ನೋಡಿದ್ದಾಯಿತು, ನಾಲಿಗೆ ಕೆಳಗೆ ಹುಣಸೆಹಣ್ಣು ಇಟ್ಟುಕೊಂಡದ್ದಾಯಿತು, ಹೊಟ್ಟೆಗೆ ವೃತ್ತಪತ್ರಿಕೆ ಸುತ್ತಿಕೊಂಡದ್ದೂ ಆಯಿತು. ಕೊನೆಕೊನೆಗೆ ಕಂಡಕ್ಟರುಗಳಿಗೇ ಗುರುತು ಹತ್ತಿ, ಅವರನ್ನು ದೂರದಿಂದ ಕಂಡ ಕೂಡಲೇ "ಅಮ್ಮಾವ್ರೇ, ಇಂದ್ಗಡೆ ಬಸ್ಸು ಖಾಲಿ ಬತ್ತಾ ಅದೆ, ಅದ್ರಲ್ಲಿ ಬನ್ನಿ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಹಿಂದಿನ ಬಸ್ಸಿನವರೂ ಅದನ್ನೇ ಹೇಳುತ್ತಿದ್ದರು. ಹರಿಗೋಲಿನಲ್ಲಿ ಹೋಗಬಹುದಿತ್ತಲ್ಲ ಅನ್ನುತ್ತೀರಾ? ಅದನ್ನೂ ನೋಡಿದರು. ಅದು ಬುಟ್ಟಿ, ನೀರಿಗೆ ಬಿದ್ದ ಕೂಡಲೇ ಗಿರಗಿರ ತಿರುಗಿತು. ದಡ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ದೊಡ್ಡಮ್ಮನ ಪ್ರಾಣ ಬಾಯಿಗೆ ಬಂದು, ವಾಪಸ್ಸು ಕರೆತರಬೇಕಾಯಿತು.

ಹೀಗೆ ಅಕ್ಕ ತಂಗಿಯರು ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಆ ವರ್ಷ ಶಿವರಾತ್ರಿ ಮುಗಿದ ವಾರ ಅಕ್ಕನ ಯಜಮಾನರಿಂದ ಕಾಗದ ಬಂತು. ನಾನೇ ಓದಿ ಹೇಳಿದೆ. 'ಇವಳಿಗೆ ಕಣ್ಣು ಪೂರ್ತಿ ಮಂಜಾಗಿದೆ, ಹಾಸಿಗೆ ಬಿಟ್ಟು ಏಳುವುದೂ ಕಡಿಮೆಯಾಗಿದೆ. ಬರುವ ಗೌರಿ ಹಬ್ಬಕ್ಕೆ ತಂಗಿಗೆ ನನ್ನ ಕೈಯಾರೆ ಬಾಗಿನ ಕೊಡಬೇಕು ಅಂತ ಒಂದೇ ಹಟ ಹಿಡಿದಿದ್ದಾಳೆ.' ದೊಡ್ಡಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ದೇವರ ಪಟದ ಹಿಂದೆ ಇಟ್ಟು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ದೊಡ್ಡಪ್ಪ ಆ ಮುಚ್ಚಿದ ಬಾಗಿಲಿಗೆ ಹೇಳಿದರು:

"ಈ ಗೌರಿ ಹಬ್ಬದ ದಿನ ನಿನ್ನನ್ನ ನಿಮ್ಮಕ್ಕನ ಮುಂದೆ ಕೂರಿಸ್ತೀನಿ ಕಣೇ. ಕೂರಿಸ್ದೇ ಇದ್ರೆ ಆಮೇಲೆ ಕೇಳು."

ಒಳಗಿನಿಂದ ಒಗ್ಗರಣೆ ಚಟಪಟ ಎಂದದ್ದು ಮಾತ್ರ ಕೇಳಿಸಿತು.

ಮುಂದಿನ ಭಾನುವಾರ, ದೇಶ ಬಿಟ್ಟು ಹೋಗಿದ್ದ ಒಬ್ಬ ಬಿಳಿಯ ದೊರೆಯ ಬಂಗಲೆಯಲ್ಲಿ ಹಳೆಯ ಸಾಮಾನಿನ ಹರಾಜು. ಮನೆಯ ಮಂಚ ಕಿರುಗುಟ್ಟುತ್ತದೆ, ಬೇರೆ ಮಂಚ ನೋಡಿಕೊಂಡು ಬರುತ್ತೇನೆ ಎಂದು ಹೋದ ದೊಡ್ಡಪ್ಪ ಮಧ್ಯಾಹ್ನ ಎತ್ತಿನ ಗಾಡಿಯ ಜೊತೆ ನಡೆದುಕೊಂಡು ಬಂದರು. ಗಾಡಿಯ ಮೇಲೆ ಹಸಿರು ಬಣ್ಣದ ಒಂದು ದೋಣಿ. ದೋಣಿಯೊಳಗೆ ಗೋಣಿ ಸುತ್ತಿದ ಒಂದು ಮೋಟಾರು.

"ಮಂಚ ಎಲ್ರೀ?" ಎಂದರು ದೊಡ್ಡಮ್ಮ.

"ಮಂಚದ ಮೇಲೆ ಕೂತ್ಕೊಂಡು ನಿಮ್ಮಕ್ಕನ ಊರಿಗೆ ಹೋಗೋಕಾಗ್ತದಾ? ಇದು ಹರಿಗೋಲಿನಂಗೆ ತಿರುಗಲ್ಲ ಕಣೇ, ಬಿಟ್ಟ ಬಾಣದಂಗೆ ನೆಟ್ಟಗೆ ಹೋಗ್ತದೆ."

"ಪೆಟ್ರೋಲ್ ವಾಸನೆ ಬರಲ್ವಾ?"

"ಮೋಟಾರು ಇರೋದು ಹಿಂದೆ, ನೀನು ಕೂರೋದು ಮುಂದೆ. ದೋಣಿ ಮುಂದಕ್ಕೆ ಹೋಗ್ತಿದ್ರೆ ವಾಸನೆ ಎಲ್ಲಿರ್ತದೆ? ಹಿಂದೆ! ಅದು ಬೆನ್ನಟ್ಟಿಕೊಂಡು ಬರೋ ಹೊತ್ತಿಗೆ ನಾವು ನಿಮ್ಮಕ್ಕನ ಮನೇಲಿ ಕಾಫಿ ಕುಡೀತಿರ್ತೀವಿ."

ಮೊದಲು ಮೋಟಾರಿನ ಪರೀಕ್ಷೆ ನಡೆಯಿತು. ಮೋಟಾರಿನ ಕಾಲು ನೀರಿನಲ್ಲಿ ಮುಳುಗಿರಬೇಕಲ್ಲ, ನಮ್ಮ ಹಸುವಿನ ಕಲ್ಲುಬಾನಿಗೆ ನೀರು ತುಂಬಿ, ಅಡ್ಡ ಹಲಗೆ ಇಟ್ಟು, ಅದಕ್ಕೆ ಮೋಟಾರು ಕಚ್ಚಿಸಿ, ಹಗ್ಗ ಎಳೆದರು. ಹನ್ನೆರಡನೆಯ ಎಳೆತಕ್ಕೆ ಅದು ಗುಡುಗಿತು ನೋಡಿ! ಬಾನಿಯ ನೀರಷ್ಟೂ ಮೇಲಕ್ಕೆ ಹಾರಿ ಕಾಂಪೌಂಡಿನ ಆಚೆಗೆ ಸುರಿಯಿತು. ಆಚೆ ಮನೆಯ ರಿಟೈರ್ಡ್ ಅಮಲ್ದಾರರು ಹೊಸ ಪೇಟ ಸುತ್ತಿಕೊಂಡು ಹೊರಟು ನಿಂತಿದ್ದರು.

"ಏನ್ರೀ ಇದು? ಪ್ರಳಯಕ್ಕೆ ತಯಾರಿ ನಡೀತಿದೆಯೋ?" ಎಂದು ಅವರು ಒದ್ದೆ ತಲೆ ಎತ್ತಿ ಕೇಳಿದರು.

"ಗೌರಿ ಹಬ್ಬಕ್ಕೆ ತಯಾರಿ ಸಾರ್" ಎಂದರು ದೊಡ್ಡಪ್ಪ, ಅಷ್ಟೇ ಗಂಭೀರವಾಗಿ. ನಮ್ಮ ಹಸು ಮೂರು ದಿನ ಆ ಬಾನಿಯ ಹತ್ತಿರ ಸುಳಿಯಲಿಲ್ಲ.

ಮೋಟಾರು ಸರಿಯಾಗಿದೆ ಎಂದಾದ ಮೇಲೆ ಅದನ್ನು ದೋಣಿಗೆ ತೂಗುಹಾಕಲು ಹೋದರು. ದೋಣಿಯ ಹಿಂದೆ ಅಡ್ಡಡ್ಡವಾಗಿ ಒಂದು ದಪ್ಪ ಹಲಗೆ ಇರುತ್ತದೆ, ಬೆನ್ನಹಲಗೆ ಅನ್ನೋಣ. ಮೋಟಾರಿನ ಭಾರ, ಅದರ ನೂಕು, ಎರಡನ್ನೂ ತಡೆಯುವುದು ಆ ಒಂದು ಹಲಗೆಯೇ. ದೊಡ್ಡಪ್ಪ ಮೋಟಾರಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ ತಿರುಪು ಬಿಗಿ ಮಾಡಿದರು. ಮಾಡಿದರು, ಇನ್ನೂ ಮಾಡಿದರು. ಬಿಗಿ ಆಗುವ ಲಕ್ಷಣವೇ ಕಾಣಲಿಲ್ಲ. ತಿರುಪು ಹಲಗೆಯೊಳಗೆ ಹೋಗುತ್ತಲೇ ಇತ್ತು. ಅನುಮಾನ ಬಂದು ದೊಡ್ಡಮ್ಮನ ಗೋಣಿ ಹೊಲಿಯುವ ದಬ್ಬಳ ತರಿಸಿ ಚುಚ್ಚಿದರು. ದಬ್ಬಳ ಈಚೆಯಿಂದ ಹೋಗಿ ಆಚೆ ಬಂತು! ಇಷ್ಟು ದಿನ ಹಲಗೆ ಅಂತ ನಾವು ನೋಡುತ್ತಿದ್ದದ್ದು ದೊರೆ ಬಳಿದಿದ್ದ ಹಸಿರು ಬಣ್ಣವನ್ನು. ಒಳಗಿದ್ದ ಮರ ಕೊಳೆತು ಲಡ್ಡಾಗಿ, ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಬಿಡುತ್ತಿದ್ದರು. ಅಮಲ್ದಾರರು ಕಾಂಪೌಂಡಿನ ಮೇಲಿಂದ "ಹೋಗ್ಲಿ ಬಿಡಿ, ಹಂಡೆ ಒಲೆಗಾಗುತ್ತೆ" ಎಂದು ಸಮಾಧಾನವನ್ನೂ ಹೇಳಿದರು. ದೊಡ್ಡಪ್ಪ ಬೆರಳಿಗೆ ಅಂಟಿದ ಲಡ್ಡುಮರವನ್ನು ಪಂಚೆಗೆ ಒರೆಸಿಕೊಂಡು, "ಒಂದು ಹಲಗೆ ತಾನೇ? ಹಾಕ್ಸುದ್ರಾಯ್ತು" ಎಂದರು. ಆ ಒಂದು ಹಲಗೆಗೆ ಐದು ತಿಂಗಳು ಹಿಡಿಯಿತು.

ಹಳೆಯ ಹಲಗೆಯನ್ನು ಅಖಂಡವಾಗಿ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕೊಯ್ಯಬೇಕು ಎನ್ನುವುದು ಯೋಜನೆ. ಹಿತ್ತಾಳೆ ತಿರುಪುಗಳು ತುಕ್ಕು ಹಿಡಿಯದಿದ್ದರೂ ಹಟ ಹಿಡಿದಿದ್ದವು. ದಿನಕ್ಕೆ ಎರಡರಂತೆ, ಕಛೇರಿಗೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು, ಬಿಚ್ಚಿದರು. ಕೊನೆಯ ತಿರುಪು ಬಂದ ಸಂಜೆ ನಾವು ಮೂವರೂ ಮೊರ ಹಿಡಿಯುವ ಹಾಗೆ ಕೈ ಕೊಟ್ಟು ಹಲಗೆಯನ್ನು ಮೆಲ್ಲಗೆ ಎತ್ತಿದೆವು. ಎತ್ತಿದ್ದಷ್ಟೇ. ಮೇಲಿನ ಅಂಚು ಪೂರ್ತಿ ಪುಡಿಪುಡಿಯಾಗಿ ನಮ್ಮ ಕಾಲ ಮೇಲೆ ಬಿತ್ತು. ಅಗಲ ಗೊತ್ತಾಯಿತು, ದಪ್ಪ ಗೊತ್ತಾಯಿತು. ಹಲಗೆ ಎಷ್ಟು ಎತ್ತರವಿತ್ತು ಅನ್ನುವುದು ಮಾತ್ರ ಮರ ತಿಂದ ಹುಳುಗಳಿಗೇ ಗೊತ್ತು!

ಮುಂದೆ ಮರದ ಪ್ರಶ್ನೆ. ಟಿಂಬರ್ ಡಿಪೋದಲ್ಲಿ ದೊಡ್ಡಪ್ಪ ತಟ್ಟಿ ನೋಡಿ, ಮೂಸಿ ನೋಡಿ, ಕಿವಿ ಇಟ್ಟು ಕೇಳಿ, ಯಾವ ಹಲಗೆಯನ್ನೂ ಒಪ್ಪಲಿಲ್ಲ. "ಹಸಿ ಮರ. ನಮ್ಮ ತಾತನ ಕಾಲದ ತೇಗ ಬೇಕು" ಎನ್ನುತ್ತಾ ಮನೆಗೆ ಬಂದು ಮಂಚದ ಮೇಲೆ ಉರುಳಿದರು. ಮಂಚ ಕಿರ್ರೆಂದಿತು. ತಟಕ್ಕನೆ ಎದ್ದು ಕೂತು ತಲೆದೆಸೆಯ ಹಲಗೆಯನ್ನು ತಟ್ಟಿದರು. ಅದು ಅವರ ಮದುವೆಯ ಮಂಚ. ತಲೆದೆಸೆಯಲ್ಲಿ ಎರಡು ಗಿಣಿಗಳನ್ನು ಕೆತ್ತಿದ್ದ ತೇಗದ ಮಂಚ.

"ಏನೇ..." ಎಂದು ಶುರು ಮಾಡಿದರು ದೊಡ್ಡಪ್ಪ. ಜನ್ಮದಲ್ಲಿ ಮೊದಲನೆಯ ಸಲ ಅವರ ಧ್ವನಿ ಅಳುಕಿದ್ದನ್ನು ಕೇಳಿದೆ.

ದೊಡ್ಡಮ್ಮ ಹಾಸಿಗೆ ಸುತ್ತಿಟ್ಟರು. "ತಕ್ಕೊಳ್ಳಿ. ಚಾಪೆ ಮೇಲೆ ನಿದ್ದೆ ಬರಲ್ವಾ ಏನು? ಮಂಚ ತರ್ತೀನಿ ಅಂತ ಹೋದೋರು ಇದ್ದ ಮಂಚಾನೂ ತಿಂದ್ಬುಟ್ರು ಅಂತ ನಿಮ್ಮ ತಮ್ಮನ ಮಗಳು ಊರಿಗೆಲ್ಲ ಬರೀತಾಳೆ, ಅಷ್ಟೇ" ಎಂದರು. ನೋಡಿ, ನಾನು ಬರೆಯುತ್ತಲೇ ಇದ್ದೇನೆ!

ಕೊಯ್ಯುವ ಕೆಲಸಕ್ಕೆ ಬಂದವರು ಒಬ್ಬ ವಯಸ್ಸಾದ ಆಚಾರ್ರು. ಬಾಗಿಲು, ಹೊಸ್ತಿಲು, ತೊಟ್ಟಿಲು ಮಾಡುವುದರಲ್ಲಿ ಎತ್ತಿದ ಕೈ. ದೋಣಿಯನ್ನು ಅವರು ನೋಡಿದ್ದು ಅದೇ ಮೊದಲು. ಮೂರು ಸುತ್ತು ಬಂದು, ಕಿವಿಯಿಂದ ಪೆನ್ಸಿಲ್ ತೆಗೆದು ಕೇಳಿದರು: "ಮುಖ ಯಾವ ದಿಕ್ಕು ಸ್ವಾಮಿ?"

"ದೋಣಿಗೆ ದಿಕ್ಕು ಎಲ್ಲಿ ಬಂತು ಆಚಾರ್ರೇ? ಅದು ತಿರುಗ್ತಾ ಇರ್ತದೆ."

"ಅಂಗಾದ್ರೆ ಆಯ ಬಲವಾಗೇ ಕೂಡಿಸ್ಬೇಕು."

ಆಯ ಅಂದರೆ ಮನೆಗೆ, ಬಾಗಿಲಿಗೆ ಕೂಡಿಬರಬೇಕಾದ ಶುಭದ ಅಳತೆ. ಉದ್ದ ಅಗಲವನ್ನು ಲೆಕ್ಕ ಹಾಕಿ ಎಂಟರಲ್ಲಿ ಭಾಗಿಸಿದರೆ ಉಳಿಯುವ ಸಂಖ್ಯೆಗೆ ಒಂದೊಂದು ಹೆಸರು. ಸಿಂಹ ಬಂದರೆ ಒಳ್ಳೆಯದು, ಆನೆ ಬಂದರೆ ಒಳ್ಳೆಯದು. ನಾಯಿ, ಕತ್ತೆ, ಕಾಗೆ ಬಂದರೆ ಕೆಟ್ಟದ್ದು. ಆಚಾರ್ರು ನಮ್ಮ ತುಳಸಿಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿ ಭಾಗಿಸಿ, ತಲೆ ಅಲ್ಲಾಡಿಸಿದರು.

"ನೀವು ಅಂದಾಜಲ್ಲಿ ಏಳಿದ ಎತ್ತರಕ್ಕೆ ನಿಲ್ಸುದ್ರೆ ನಾಯಿ ಆಯ ಬತ್ತದೆ. ಇನ್ನು ನಾಕು ಬೆರಳು ಏರ್ಸುದ್ರೆ ಗಜಾಯ."

"ನಾಯಿ ಈಜಲ್ವೇನ್ರೀ ಆಚಾರ್ರೇ?"

"ಈಜ್ತದೆ ಸ್ವಾಮಿ. ಆನೆ ಈಜುದ್ರೆ ಮೇಲೆ ನಾಕು ಜನ ಕೂತ್ಕೋಬೋದು."

ದೊಡ್ಡಪ್ಪನ ತರ್ಕಕ್ಕೆ ಸರಿಸಾಟಿಯಾದ ತರ್ಕ ಅವರಿಗೆ ಅದುವರೆಗೆ ಎದುರಾಗಿರಲಿಲ್ಲ. ಹಳೆಯ ಅಳತೆಯೂ ಕೈಯಲ್ಲಿ ಇರಲಿಲ್ಲವಲ್ಲ! "ಹಾಗೇ ಆಗ್ಲಿ, ಗಜಾಯಾನೇ ಇರ್ಲಿ" ಎಂದುಬಿಟ್ಟರು.

ಮಂಚದ ತಲೆದೆಸೆ ಹಲಗೆ, ಕಾಲ್ದೆಸೆ ಹಲಗೆ ಎರಡನ್ನೂ ಒಂದರ ಮೇಲೊಂದು ಇಟ್ಟು ಹಿತ್ತಾಳೆ ಬೋಲ್ಟು ಹಾಕಿ ಬಿಗಿದು ಒಂದೇ ದಪ್ಪ ಹಲಗೆ ಮಾಡಿದರು. ಗಿಣಿಗಳು ಹೊರಮುಖವಾಗಿ ಉಳಿದವು. ಸಂದುಗಳಿಗೆ ತುಂಬಲು ರಾಳವನ್ನೂ ಎಣ್ಣೆಯನ್ನೂ ಕಾಯಿಸಿ ಅರೆಯಬೇಕಾಯಿತು. ವಾರವಿಡೀ ಮನೆಯಲ್ಲಿ ಸಾರು, ಹುಳಿ, ಮೊಸರು ಎಲ್ಲಕ್ಕೂ ಒಂದೇ ವಾಸನೆ. ರಾಳದ ಜೊತೆ ಸೇರಿಸಲು ಉದ್ದನೆಯ ಹತ್ತಿಯ ಎಳೆ ಬೇಕು ಎಂದರು ಆಚಾರ್ರು. ದೊಡ್ಡಮ್ಮ ಕಾರ್ತಿಕದ ದೀಪಕ್ಕೆ ಹೊಸೆದಿಟ್ಟಿದ್ದ ಬತ್ತಿಗಳ ಡಬ್ಬಿಯನ್ನೇ ತಂದು ಮುಂದಿಟ್ಟರು. ಆಮೇಲೆ ಅವರೇ ದೋಣಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಬತ್ತಿಯನ್ನು ರಾಳದಲ್ಲಿ ಅದ್ದಿ ಅದ್ದಿ, ಸೌಟಿನ ಹಿಡಿಯಿಂದ ಸಂದಿಗೆ ತುರುಕಿದರು. ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಮಳೆ ಬಂದ ದಿನ ದೊಡ್ಡಪ್ಪ ಕೊಡೆಯನ್ನು ದೋಣಿಗೆ ಹಿಡಿದು ತಾವು ನೆನೆದರು.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಮ್ಮ ಮೆರವಣಿಗೆ ಹೊರಟಿತು. ಒಂದು ಗಾಡಿಯಲ್ಲಿ ದೋಣಿ. ಇನ್ನೊಂದರಲ್ಲಿ ದೊಡ್ಡಮ್ಮ, ನಾನು, ಆಚಾರ್ರು. ಎತ್ತಿನ ಗಾಡಿ ದೊಡ್ಡಮ್ಮನಿಗೆ ಅರ್ಧ ದಿನದ ಮಟ್ಟಿಗೆ ಒಗ್ಗುತ್ತಿತ್ತು. ಅಮಲ್ದಾರರೂ ಬಂದು ಹತ್ತಿಕೊಂಡರು. "ಮುಳುಗೋದನ್ನ ಕಣ್ಣಾರೆ ನೋಡ್ಬೇಕಲ್ಲ ಕಣ್ರೀ" ಎಂದರು. ಒಂದು ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದು, ಹಿಂದಿನಿಂದ ಮುಂದಿನವರೆಗೆ ನೋಡಿ, "ಇದಕ್ಕೆ ಹಿಂದ್ಗಡೆ ಕೆಂಪು ದೀಪ ಎಲ್ರೀ?" ಎಂದು ಕೇಳಿದ. "ಗಿಣಿ ಇದಾವಲ್ಲಪ್ಪ" ಎಂದರು ದೊಡ್ಡಪ್ಪ. ಅವನು ಗಿಣಿಗಳನ್ನು ನೋಡಿ ಏನೋ ಯೋಚಿಸಿ ಬಿಟ್ಟುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಹಿನ್ನೀರಿನ ದಡ ಮುಟ್ಟಿದೆವು. ಕಟ್ಟೆ ತುಂಬಿತ್ತು. ಆಚೆ ಹುಣಸೆಮರ ಕಾಣುತ್ತಿತ್ತು. ದೊಡ್ಡಮ್ಮ ಗಾಡಿಯಿಂದ ಇಳಿದವರು ಅದನ್ನೇ ನೋಡುತ್ತಾ ನಿಂತುಬಿಟ್ಟರು. ದೋಣಿಯನ್ನು ನೀರಿಗೆ ಇಳಿಸಿದೆವು. ಒಂದು ಹನಿ ಒಳಗೆ ಬರಲಿಲ್ಲ! ದೊಡ್ಡಪ್ಪ ಮೋಟಾರು ಸಿಕ್ಕಿಸಿ, ಕೂತು, ಹಗ್ಗ ಎಳೆದರು. ಗುಡುಗು ಎದ್ದಿತು, ಹೊಗೆ ಎದ್ದಿತು, ನೀರು ತುಂತುರಾಗಿ ಹಾರಿತು. ದೋಣಿ ಮಾತ್ರ ಇದ್ದಲ್ಲೇ ಇತ್ತು.

"ಮೋಟಾರು ಗಾಳಿ ಬೀಸ್ತಾ ಅದೆ!" ಎಂದು ಕೂಗಿದರು ಆಚಾರ್ರು, ಹಿಂದೆ ಬಗ್ಗಿ ನೋಡಿ. ನಿಜ. ಹಲಗೆ ನಾಲ್ಕು ಬೆರಳು ಹೆಚ್ಚು ಎತ್ತರವಾಗಿ, ಅದಕ್ಕೆ ತೂಗುಬಿದ್ದ ಮೋಟಾರಿನ ಕಾಲು ನೀರಿಗೆ ಸರಿಯಾಗಿ ಎಟುಕುತ್ತಲೇ ಇರಲಿಲ್ಲ. ಅದರ ರೆಕ್ಕೆ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತಿತ್ತು.

"ಹಿಂದೆ ಭಾರ ಸಾಲ್ದು" ಎಂದು ದೊಡ್ಡಪ್ಪ ಆಚಾರ್ರನ್ನೂ ಅಮಲ್ದಾರರನ್ನೂ ಹಿಂದೆ ಕೂರಿಸಿದರು. ಅಮಲ್ದಾರರು ಒಳ್ಳೆಯ ಭಾರ. ಹಿಂಭಾಗ ಕುಸಿದು, ರೆಕ್ಕೆ ಮುಳುಗಿ, ದೋಣಿ ಹೊರಟೇಬಿಟ್ಟಿತು! ಆದರೆ ಮೂತಿ ಆಕಾಶಕ್ಕೆ ಎದ್ದು, ಹಿಂದಿನಿಂದ ನೀರು ನುಗ್ಗಿತು. ನಾನೂ ಗಾಡಿಯವರೂ ಸೇರಿ ಮೂವರನ್ನೂ ಸೊಂಟದ ಮಟ್ಟದ ನೀರಿನಿಂದ ಎಳೆದುಕೊಂಡೆವು. ಮುಳುಗುವುದನ್ನು ನೋಡಬೇಕು ಎಂದಿದ್ದ ಅಮಲ್ದಾರರು ಮುಳುಗಿಯೇ ನೋಡಿದರು.

ಆಗ ಎದ್ದಿತು ಜಗಳ. "ನಾಲ್ಕು ಬೆರಳು ಕುಯ್ದು ಎಸೀರಿ" ಎಂದರು ದೊಡ್ಡಪ್ಪ. ಆಚಾರ್ರು ಗರಗಸವನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ಆನೆ ಕುಯ್ದು ನಾಯಿ ಮಾಡು ಅಂತೀರಾ ಸ್ವಾಮಿ? ಅಮ್ಮಾವ್ರು ಕೂತ್ಕೊಂಡು ಓಗೋ ದೋಣಿಗೆ ನನ್ನ ಕೈಯಾರೆ ಆಯ ಕೆಡ್ಸಾಕಿಲ್ಲ. ಬೇಕಾದ್ರೆ ನನ್ನೇ ಕುಯ್ದಾಕಿ."

"ನಾಳೆ ಗೌರಿ ಹಬ್ಬ ಕಣ್ರೀ!"

"ಅದಕ್ಕೇ ಏಳ್ತಿರೋದು."

ದೊಡ್ಡಪ್ಪನ ಮುಖ ನೋಡಲಾಗಲಿಲ್ಲ ನನಗೆ. ಒದ್ದೆ ಪಂಚೆಯಲ್ಲಿ, ಕೂದಲಿನಿಂದ ನೀರು ಇಳಿಸುತ್ತಾ ನಿಂತಿದ್ದರು. ಐದು ತಿಂಗಳ ಹಟ ನಾಲ್ಕು ಬೆರಳಿನ ಮುಂದೆ ನಿಂತುಹೋಗಿತ್ತು. ನನಗೆ ಅಳು ಬಂತು. ಇಷ್ಟೆಲ್ಲ ಹೊತ್ತೂ ಹುಣಸೆಮರದ ಕಡೆಗೆ ಮುಖ ಮಾಡಿಕೊಂಡಿದ್ದ ದೊಡ್ಡಮ್ಮ ಈಗ ತಿರುಗಿದರು.

"ಆಚಾರ್ರೇ, ಗೋಡೆ ಕಟ್ಟಿ ಅದಕ್ಕೆ ಬಾಗ್ಲು ಬಿಟ್ರೆ ಮನೆ ಆಯ ಕೆಡ್ತದಾ?"

"ಎಲ್ಲಾದ್ರೂ ಉಂಟಾ ತಾಯಿ? ಬಾಗ್ಲು ಇಲ್ದೆ ಮನೆ ಎಂಗಾಯ್ತದೆ?"

"ಹಂಗಾದ್ರೆ ಹಲಗೆ ಎತ್ತರ ಇದ್ದಂಗೇ ಇರ್ಲಿ. ಮಧ್ಯದಲ್ಲಿ ಮೋಟಾರಿಗೆ ಅಂತ ಒಂದು ಬಾಗ್ಲು ಬಿಡಿ. ನಾಲ್ಕು ಬೆರಳು ಆಳ ಸಾಕು."

ಆಚಾರ್ರು ಕಿವಿಯ ಪೆನ್ಸಿಲ್ಲಿಗೆ ಕೈ ಹಾಕಿದರು. ಬಾಗಿಲಿನ ಆಯವನ್ನು ಬೇರೆಯಾಗಿ ಲೆಕ್ಕ ಹಾಕಿ, ಸಿಂಹ ಬಂತು ಎಂದು ಖುಷಿಪಟ್ಟು, ಎರಡು ಗಿಣಿಗಳ ನಡುವೆ ಗರಗಸ ಇಟ್ಟರು. ಸಂಜೆಯೊಳಗೆ ಕಚ್ಚು ಸಿದ್ಧವಾಯಿತು. ಮೋಟಾರು ಅದರೊಳಗೆ ಇಳಿದು ಕೂತಿತು, ರೆಕ್ಕೆ ನೀರಿನಲ್ಲಿ ಮುಳುಗಿತು. ದೊಡ್ಡಪ್ಪ ಒಂದು ಸುತ್ತು ಹೋಗಿ ಬಂದು, "ನಾನೂ ಅದನ್ನೇ ಹೇಳ್ಬೇಕು ಅಂತ ಇದ್ದೆ" ಎಂದರು. ಯಾರೂ ನಂಬಲಿಲ್ಲ. ಆ ದಿನ ದಡದ ಊರಿನ ಶಾಲೆಯ ಜಗುಲಿಯಲ್ಲಿ ಮಲಗಿದೆವು.

ಹಬ್ಬದ ಬೆಳಿಗ್ಗೆ ದೊಡ್ಡಮ್ಮ ಮಿಂದು, ಹಸಿರು ಸೀರೆ ಉಟ್ಟು, ಅಕ್ಕನಿಗೆಂದು ತಂದಿದ್ದ ಬಾಗಿನದ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ದೋಣಿಯ ಮುಂದೆ ಕೂತರು. ನಡುವೆ ನಾನು, ಹಿಂದೆ ದೊಡ್ಡಪ್ಪ. ಆಚಾರ್ರೂ ಅಮಲ್ದಾರರೂ ಹಬ್ಬಕ್ಕೆ ಮನೆ ಸೇರಬೇಕೆಂದು ಒಂದು ಗಾಡಿಯಲ್ಲಿ ಹೊರಟರು. ಇನ್ನೊಂದು ಗಾಡಿಯವನು ಸಂಜೆ ಬಂದು ಕಾಯುತ್ತೇನೆ ಎಂದ. ಸಂಜೆಗೆ ನಾವು ವಾಪಸ್ಸು ಬರಲೇಬೇಕಿತ್ತು. ಮಾರನೆಯ ದಿನ ಮನೆಯಲ್ಲಿ ಗಣೇಶನ ಪೂಜೆ. ಹಬ್ಬ ಕಳೆದ ಕೂಡಲೇ ಕಛೇರಿ. ದೊಡ್ಡಪ್ಪ ತಮ್ಮ ಸರ್ವೀಸಿನಲ್ಲಿ ಒಂದು ದಿನವೂ ಹೇಳದೆ ಕೇಳದೆ ರಜೆ ಹಾಕಿದವರಲ್ಲ.

ಮೋಟಾರು ಗುಡುಗಿತು, ದೋಣಿ ನೆಟ್ಟಗೆ ಹೊರಟಿತು. ನಡುನೀರಿನಲ್ಲಿ ನಾನು ನಿಂಬೆಹಣ್ಣು ಹಿಡಿದುಕೊಂಡು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರು ಹಾಯಾಗಿ ಗಾಳಿಗೆ ಮುಖ ಒಡ್ಡಿ ಕೂತಿದ್ದರು. ಹಿಂದಿನಿಂದ ಒಂದು ಕ್ಷೀಣ ಧ್ವನಿ ಬಂತು: "ಆ ನಿಂಬೆಹಣ್ಣು ಇಲ್ಲಿ ಕೊಡಮ್ಮ." ದೊಡ್ಡಪ್ಪನ ಮುಖ ಬಿಳಿಚಿಕೊಂಡಿತ್ತು. ವಾಸನೆ ಹಿಂದಕ್ಕೆ ಹೋಗುತ್ತದೆ ಎಂದು ಹೇಳಿದ್ದವರು ಹಿಂದೆ ಕೂರುವವರು ಯಾರು ಅನ್ನುವುದನ್ನು ಯೋಚಿಸಿರಲಿಲ್ಲ! ಒಂದು ಕೈಯಲ್ಲಿ ಮೋಟಾರು, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು, ಮೂರು ಸಲ ಆಚೆಗೆ ಬಗ್ಗಿ, ಆದರೂ ಗುರಿ ತಪ್ಪಿಸದೆ ಹುಣಸೆಮರದ ಬುಡಕ್ಕೇ ತಂದು ಮುಟ್ಟಿಸಿದರು.

ಬರುತ್ತೇವೆಂದು ನಾವು ಬರೆದಿದ್ದ ಕಾಗದ ಮುಟ್ಟಿತ್ತು; ಮರದ ಕೆಳಗೆ ಚಾಪೆಯ ಮೇಲೆ ಅಕ್ಕ ಕಾದು ಕೂತಿದ್ದರು. ಯಜಮಾನರು ಬೆನ್ನಿಗೆ ಆಸರೆ ಕೊಟ್ಟುಕೊಂಡಿದ್ದರು. ಆ ತಾಯಿ ಇಷ್ಟೇ ಇಷ್ಟು ಆಗಿಹೋಗಿದ್ದರು. ದೊಡ್ಡಮ್ಮ ನೀರಿನಲ್ಲೇ ಇಳಿದು ಓಡಿದರು. ಅಕ್ಕ ಎರಡೂ ಕೈಯಿಂದ ತಂಗಿಯ ಹಣೆ, ಕೆನ್ನೆ, ಕಿವಿಯ ಓಲೆ, ಜಡೆ ಎಲ್ಲವನ್ನೂ ತಡವಿದರು. ಜಡೆಯ ತುದಿಯನ್ನು ಕೈಯಲ್ಲಿ ಹಿಡಿದು, "ಎಣ್ಣೆ ಹಾಕೋದಿಲ್ವೇನೇ?" ಎಂದು ಗದರಿದರು. ಅಷ್ಟೇ, ದೊಡ್ಡಮ್ಮ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಅಕ್ಕನ ಮನೆಗೆ ಹೋಗಿ ಬಾಗಿನ ಕೊಟ್ಟದ್ದಾಯಿತು, ತೆಗೆದುಕೊಂಡದ್ದಾಯಿತು. ಊಟವಾಯಿತು. ಬಿಸಿಲು ಇಳಿಯಿತು. ಅಕ್ಕ ತಂಗಿಯ ಕೈ ಬಿಟ್ಟಿರಲಿಲ್ಲ. ಯಾರೂ 'ಹೊರಡೋಣ' ಅನ್ನಲಿಲ್ಲ. ದೊಡ್ಡಮ್ಮ ತಾವೇ ಕಣ್ಣು ಒರೆಸಿಕೊಂಡು, ಮೆಲ್ಲಗೆ ಕೈ ಬಿಡಿಸಿಕೊಂಡು, ಚೀಲ ಕಟ್ಟತೊಡಗಿದರು. ಅಕ್ಕ ಆ ಚೀಲದ ಸದ್ದಿನ ಕಡೆಗೆ ಮುಖ ತಿರುಗಿಸಿ ಕೂತಿದ್ದರು.

ದೋಣಿ ನೋಡಿಕೊಂಡು ಬರುತ್ತೇನೆ ಎಂದು ಹೋಗಿದ್ದ ದೊಡ್ಡಪ್ಪ ಬಾಗಿಲಲ್ಲಿ ಬಂದು ನಿಂತರು.

"ಹಲಗೆ ಹೋಯ್ತು ಕಣೇ."

"ಅಯ್ಯೋ! ಏನಾಯ್ತು?"

"ಆಚಾರ್ರು ಕಚ್ಚು ಹಾಕಿದ್ರಲ್ಲ, ಅಲ್ಲಿಂದ ಬುಡದ ತನಕ ಸೀಳು ಬಿಟ್ಟದೆ. ಬೇರೆ ಪಟ್ಟಿ ಹೊಡೀಬೇಕು, ರಾಳ ತುಂಬ್ಬೇಕು, ಅದು ಒಣಗ್ಬೇಕು. ಎಂಟು ದಿನ ಆದ್ರೂ ಆಗ್ತದೆ. ಗಾಡಿಯವನಿಗೆ ಹರಿಗೋಲಿನವರ ಕೈಲಿ ಹೇಳಿ ಕಳಿಸಿದ್ದೀನಿ."

"ನಿಮ್ಮ ಕಛೇರಿ? ಗಣೇಶನ ಪೂಜೆ?"

"ದೋಣಿ ಕೆಟ್ರೆ ಹೆಡ್ ಗುಮಾಸ್ತ ಏನು ಈಜ್ಕೊಂಡು ಹೋಗ್ತಾನಾ? ಗಣೇಶ ಇಲ್ಲೂ ಸಿಗ್ತಾನೆ ಬುಡು" ಎಂದು ರೇಗಿದರು.

ದೊಡ್ಡಮ್ಮನ ಕೈಯಿಂದ ಚೀಲ ಜಾರಿತು. ಅಕ್ಕ ಗಾಳಿಯಲ್ಲಿ ಕೈ ಚಾಚಿ ತಂಗಿಯ ಸೆರಗು ಹುಡುಕಿದರು.

ಐದು ತಿಂಗಳು ನಾನೂ ಕೈ ಕೊಟ್ಟಿದ್ದ ಹಲಗೆಯಲ್ಲವೇ? ಮನಸ್ಸು ತಡೆಯದೆ ದಡಕ್ಕೆ ಓಡಿದೆ. ನೀರಿಗೆ ಇಳಿದು, ಗಿಣಿಗಳ ಮೇಲೆ ಕೈ ಆಡಿಸಿದೆ. ಕಚ್ಚಿನ ಒಳಗೆ ಬೆರಳು ಹಾಕಿ ನೋಡಿದೆ. ಬುಡದವರೆಗೆ ತಡವಿದೆ. ಒಂದು ಕೂದಲೆಳೆಯಷ್ಟು ಸೀಳೂ ಇರಲಿಲ್ಲ. ಹಲಗೆ ಬಂಡೆಯ ಹಾಗೆ ನಿಂತಿತ್ತು.

ತಿರುಗಿ ನೋಡಿದರೆ ದೊಡ್ಡಪ್ಪ ದಡದಲ್ಲಿ ನಿಂತಿದ್ದರು. ಅದು ಅಕ್ಕನ ಕೊನೆಯ ಗೌರಿ ಹಬ್ಬ ಎಂದು ನಮಗೆ ಯಾರಿಗೂ ಆ ದಿನ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ.

"ನೋಡ್ದಾ?" ಎಂದರು.

"ನೋಡ್ದೆ ದೊಡ್ಡಪ್ಪ."

"ಎಂಟು ದಿನ ಸಾಕಾಗ್ತದೆ ಅಂತೀಯಾ?"

"ಎಲ್ಲಿ ಸಾಕಾಗ್ತದೆ ದೊಡ್ಡಪ್ಪ, ತುಂಬಾ ದೊಡ್ಡ ಸೀಳು" ಎಂದೆ. "ಹದಿನೈದು ದಿನ ಆದ್ರೂ ಬೇಕು."